ಮಹಿಷಾಸುರ ಬಂದಾಗ ಕ್ಯಾಮೆರಾ ನಿಂತಿತ್ತು

ಎಡಿಟಿಂಗ್‌ಗೆ ಕೂತು ಅಳೆದು ನೋಡಿದಾಗ ತೂತಿನ ಉದ್ದ 1 ನಿಮಿಷ 50 ಸೆಕೆಂಡು. ಕೆಳಗೆ ಧ್ವನಿಯ ಪಟ್ಟಿ ಎಲ್ಲೂ ಕಡಿಯದೆ ಹರಿದಿದೆ: ಚೆಂಡೆಯ ಪೆಟ್ಟು, ಜಾಗಟೆ, ಮಕ್ಕಳ ಚೀರಾಟ, ಗದ್ದೆಯ ಆ ತುದಿಯಿಂದ ಹತ್ತಿರವಾಗುತ್ತ ಬರುವ ಆರ್ಭಟ. ಮೇಲೆ ಎರಡು ಕ್ಯಾಮೆರಾಗಳ ಚಿತ್ರ ಇರಬೇಕಾದ ಎರಡೂ ಸಾಲು ಖಾಲಿ. ಎಂಟು ಗಂಟೆಯ ಯಕ್ಷಗಾನದ ಆಟದಲ್ಲಿ ಎರಡು ನಿಮಿಷವೂ ತುಂಬದ ಆ ಜಾಗದಲ್ಲಿ ಇರಬೇಕಾದದ್ದು ಮಹಿಷಾಸುರನ ಪ್ರವೇಶ. ‘ದೇವಿ ಮಹಾತ್ಮೆ’ ಪ್ರಸಂಗ ಒಮ್ಮೆಯಾದರೂ ನೋಡಿದವರಿಗೆ ನನ್ನ ಅವಸ್ಥೆ ಇಷ್ಟರಲ್ಲೇ ಗೊತ್ತಾದೀತು.

ನಾನು ಪುತ್ತೂರು ಕಡೆಯವ, ಫ್ರೀಲಾನ್ಸ್ ಕ್ಯಾಮೆರಾಮನ್. ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ವರ್ಷಕ್ಕೊಂದು ಸಾಕ್ಷ್ಯಚಿತ್ರ ಸಿಕ್ಕಿದರೆ ಪುಣ್ಯ. ಇಲ್ಲಿ ಬರೆಯುತ್ತಿರುವುದು 2016ರ ಜನವರಿಯ ಒಂದು ಕೆಲಸದ ಕಥೆ. ಲೆನ್ಸು ಬದಲಿಸುವ ಫೋಟೋ ಕ್ಯಾಮೆರಾದಲ್ಲಿ, ಅಂದರೆ ಡಿಎಸ್‌ಎಲ್‌ಆರ್‌ನಲ್ಲಿ, ವಿಡಿಯೋ ಮಾಡುವವರು ಕೂತಲ್ಲೆಲ್ಲ ಲೆನ್ಸು, ಸೆನ್ಸರು ಎಂದು ಮಾತಾಡುತ್ತೇವೆ. ನನ್ನ ಈ ಪ್ರಕರಣದಲ್ಲಿ ಲೆನ್ಸಿನದ್ದೂ ಸೆನ್ಸರಿನದ್ದೂ ಏನೂ ತಪ್ಪಿಲ್ಲ. ರೇಟು ಹೇಳುವಾಗಲೇ ನಾನು ಎಡವಿದ್ದೆ.

ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ ಹರಕೆಯ ಆಟ. ಆಟ ಆಡಿಸುವ ಸೇವಾಕರ್ತರು ವಯಸ್ಸಾದ ಕೃಷಿಕರು, ಮಗ ಬಹರೈನ್‌ನಲ್ಲಿ. ವಿಡಿಯೋ ಬೇಕಾದದ್ದು ಮಗನಿಗೆ. “ನನಗೆ ರಜೆ ಸಿಗ್ಲಿಲ್ಲ ಅಣ್ಣ. ಪೂರ್ತಿ ಆಟ ಬೇಕು. ಗಣಪತಿ ಪೂಜೆಯಿಂದ ಮಂಗಳದವರೆಗೆ. ಮಹಿಷಾಸುರ ಬರುವುದೊಂದು ಸರಿಯಾಗಿ ಬರ್ಲಿ, ಸಣ್ಣದಿರುವಾಗ ಅದನ್ನು ನೋಡಿ ಹೆದರಿ ಓಡಿದವ ನಾನು” ಎಂದ ಫೋನಿನಲ್ಲಿ. ನಾನು “ಪೂರ್ತಿ ಮಾಡಿಕೊಡ್ತೇನೆ, ಟೆನ್ಶನ್ ಬೇಡ” ಎಂದೆ. ಬರೆದುಕೊಂಡದ್ದು ಇಲ್ಲ, ಬರೆದುಕೊಟ್ಟದ್ದೂ ಇಲ್ಲ. ಹೇಳಿದ ರೇಟು 36,000. ಬೇರೆ ಯಾರೋ 32,000ಕ್ಕೆ ಒಪ್ಪಿದ್ದಾರೆ ಎಂದಾಗ 34,000ಕ್ಕೆ ಇಳಿದೆ. ಇಳಿಸಿದ ಆ 2,000 ಎಲ್ಲಿಂದ ಬಂತು? ಇಂಥ ರಾತ್ರಿ ಕೆಲಸಕ್ಕೆ ಕರೆಯುತ್ತಿದ್ದ ಮೂರನೇ ಆಳನ್ನು ಕೈಬಿಟ್ಟೆ. ಕ್ಯಾಮೆರಾ ಮುಟ್ಟದೆ ಬ್ಯಾಟರಿ, ಕಾರ್ಡು, ಗಡಿಯಾರ ನೋಡಿಕೊಂಡು ಕೂರುವ ಹುಡುಗ ಅವನು. ಅವನ ಕೆಲಸವನ್ನು ನಾನೇ ಮಾಡಿಕೊಂಡರಾಯ್ತು ಎಂದುಕೊಂಡೆ.

ಕೈಯಲ್ಲಿದ್ದದ್ದು ನನ್ನ ಕ್ಯಾನನ್ 70ಡಿ ಮತ್ತು ಬಾಡಿಗೆಗೆ ತಂದ 600ಡಿ. ಎರಡರ ಗುಣವೂ ಗೊತ್ತಿದ್ದದ್ದೇ. 600ಡಿ ಫುಲ್ ಎಚ್‌ಡಿಯಲ್ಲಿ ನಿಮಿಷಕ್ಕೆ ಸುಮಾರು 330 ಎಂಬಿ ತಿನ್ನುತ್ತದೆ, ಫೈಲು 4 ಜಿಬಿ ಮುಟ್ಟಿದ ಕೂಡಲೇ ನಿಲ್ಲುತ್ತದೆ. ಎಂದರೆ ಹನ್ನೆರಡು ನಿಮಿಷಕ್ಕೊಮ್ಮೆ ಬಟನ್ ಒತ್ತಬೇಕು. 2013ರಲ್ಲಿ ಬಂದ 70ಡಿ ಸ್ವಲ್ಪ ವಾಸಿ, 4 ಜಿಬಿಗೊಮ್ಮೆ ತಾನೇ ಹೊಸ ಫೈಲಿಗೆ ದಾಟಿಕೊಂಡು ಹೋಗುತ್ತದೆ. ಹಗುರ ಮೋಡಿನಲ್ಲಿ ನಿಮಿಷಕ್ಕೆ 235 ಎಂಬಿಯಷ್ಟೇ. ಆದರೆ 29 ನಿಮಿಷ 59 ಸೆಕೆಂಡಿಗೆ ಅದೂ ನಿಲ್ಲುತ್ತದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರಕ್ಕೆ 480 ನಿಮಿಷ. ಒಂದರಲ್ಲಿ ಕಡಿಮೆಯೆಂದರೆ 16 ಸಲ, ಇನ್ನೊಂದರಲ್ಲಿ 40 ಸಲ ಬಟನ್ ಒತ್ತಬೇಕು. 32 ಜಿಬಿಯ ಕಾರ್ಡು ಒಂದಕ್ಕೆ ನಾಲ್ಕು, ಇನ್ನೊಂದಕ್ಕೆ ಆರು. ಈ ಲೆಕ್ಕವನ್ನು ಬೈಕಿನಲ್ಲಿ ಹೋಗುವಾಗಲೇ ಬಾಯಿಲೆಕ್ಕದಲ್ಲಿ ಮುಗಿಸಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು.

ಈ 29:59ರ ಹಿಂದೆ ಇರುವುದು ಸುಂಕದ ತರ್ಲೆ. ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಒಂದೇ ಸಮನೆ ದಾಖಲಿಸುವ ಯಂತ್ರವನ್ನು ಯುರೋಪಿನಲ್ಲಿ ವಿಡಿಯೋ ಕ್ಯಾಮೆರಾ ಎಂದು ಲೆಕ್ಕ ಹಾಕಿ ಹೆಚ್ಚು ಸುಂಕ ಹಾಕುತ್ತಿದ್ದರು. ಒಂದು ಸೆಕೆಂಡು ಕಡಿಮೆ ಮಾಡಿದರೆ ಅದು ಬರೀ ಫೋಟೋ ಕ್ಯಾಮೆರಾ. ಅಲ್ಲಿನ ಸುಂಕದ ಕಟ್ಟೆ ತಪ್ಪಿಸಲು ಇಟ್ಟ ಬೀಗ ಬಂಟ್ವಾಳದ ಗದ್ದೆಯಲ್ಲಿ ಮಹಿಷಾಸುರನಿಗೆ ಅಡ್ಡ ಬಂತು.

ಡಿಎಸ್‌ಎಲ್‌ಆರ್‌ನ ಹೊಟ್ಟೆಯಲ್ಲಿ ವಿಡಿಯೋ ಮೊದಲು ಬಂದದ್ದೇ 2008ರಲ್ಲಿ. ನಿಕಾನ್ ಡಿ90 ಆಗಸ್ಟಿನಲ್ಲಿ, ಹಿಂದೆಯೇ ಕ್ಯಾನನ್ 5ಡಿ ಮಾರ್ಕ್ 2. ಮಾರ್ಕ್ 2ರಲ್ಲಿ ಸೆಕೆಂಡಿಗೆ 30 ಫ್ರೇಮು ಮಾತ್ರ ಇತ್ತು. ನಮ್ಮ 50 ಹರ್ಟ್ಸ್ ಕರೆಂಟಿನ ಟ್ಯೂಬ್‌ಲೈಟಿನಡಿ ಚಿತ್ರ ಪಟಪಟ ಮಿಡಿಯುತ್ತಿತ್ತು. 24, 25 ಫ್ರೇಮು ಸಿಕ್ಕಿದ್ದು 2010ರ ಮಾರ್ಚಿನ ಫರ್ಮ್‌ವೇರ್‌ನಲ್ಲಿ, ಅಂದರೆ ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್ ಬದಲಾದಾಗ. ಆಮೇಲೆಯೇ ನಮ್ಮ ಊರಿನ ಮದುವೆ ಹಾಲುಗಳಿಗೆ ಈ ಕ್ಯಾಮೆರಾಗಳು ದಂಡುಕಟ್ಟಿ ಬಂದದ್ದು. ಹೆಗಲ ಮೇಲಿನ ದೊಡ್ಡ ಕ್ಯಾಮೆರಾದಲ್ಲಿ ಕ್ಯಾಸೆಟ್ ತಿರುಗುವವರೆಗೂ ಚಿಂತೆ ಇರಲಿಲ್ಲ. ಅದರ ಚಿತ್ರದಲ್ಲಿ ಈ ಅಂದವೂ ಇರಲಿಲ್ಲ, ಅದು ಬೇರೆ ಮಾತು.

ಸಂಜೆ ನಾಲ್ಕಕ್ಕೇ ಗದ್ದೆ ತಲುಪಿದೆವು, ನಾನು ಮತ್ತು ಎರಡನೇ ಕ್ಯಾಮೆರಾದ ಹುಡುಗ. ಕೊಯ್ಲಾದ, ಮನೆಯೆದುರಿನ ಬಾಕಿಮಾರು ಗದ್ದೆ, ಕೂಳೆ ಕಾಲಿಗೆ ಚುಚ್ಚುತ್ತಿತ್ತು. ರಂಗಸ್ಥಳದ ಎದುರು, ಕುರ್ಚಿಗಳ ನಡುವಿನ ದಾರಿಯ ಪಕ್ಕ 70ಡಿ. ರಂಗಸ್ಥಳದ ಎಡಮೂಲೆಯಲ್ಲಿ, ವೇಷಗಳ ಮುಖಕ್ಕೆ 600ಡಿ, 50 ಎಂಎಂ ಲೆನ್ಸು. ನಮ್ಮಿಬ್ಬರ ನಡುವೆ ಮೂವತ್ತಡಿ ದೂರ. ಚೆಂಡೆ ಶುರುವಾದ ಮೇಲೆ ಮೂವತ್ತಡಿ ದೂರದಿಂದ ಕಿರುಚಿದರೂ ಕೇಳುವುದಿಲ್ಲ. ಇದನ್ನು ಆಮೇಲೆ ನೆನಪಿಟ್ಟುಕೊಳ್ಳಿ.

ಧ್ವನಿಯನ್ನು ಕ್ಯಾಮೆರಾಕ್ಕೆ ಬಿಟ್ಟರೆ ಕೆಲಸ ಕೆಟ್ಟಿತು. ಆಟೋ ಲೆವೆಲ್ ಇಟ್ಟ ಕ್ಯಾಮೆರಾ ಚೆಂಡೆಯ ಪೆಟ್ಟು ಬಿದ್ದಾಗಲೆಲ್ಲ ಬೆಚ್ಚಿ ಕಿವಿ ಮುಚ್ಚಿಕೊಳ್ಳುತ್ತದೆ. ಪೆಟ್ಟು ನಿಂತ ಕೂಡಲೇ ಕಿವಿ ತೆರೆದು ಜನರೇಟರಿನ ಗುಂಯ್ ಸದ್ದನ್ನು ಮೇಲೆತ್ತುತ್ತದೆ. ಹಾಗಾಗಿ ಮೈಕಿನವರ ಮಿಕ್ಸರಿನಿಂದ ಒಂದು ಲೈನ್ ಎಳೆದು ಜೂಮ್ ಎಚ್4ಎನ್ ಎಂಬ ಧ್ವನಿ ರೆಕಾರ್ಡರಿಗೆ ಕೊಟ್ಟೆ. ಜೊತೆಗೆ ಅದರದ್ದೇ ಮೈಕಿನಲ್ಲಿ ಗದ್ದೆಯ ಗಾಳಿಸದ್ದು. ನಾಲ್ಕು ಚಾನೆಲ್ಲೂ ಸೇರಿ ಗಂಟೆಗೆ ಎರಡು ಜಿಬಿಯಷ್ಟು, ಇಡೀ ರಾತ್ರಿಗೆ ಹದಿನೇಳೂ ಆಗದು. ಒಂದೇ ಕಾರ್ಡು ಸಾಕು. ಕ್ಲ್ಯಾಪ್ ಬೋರ್ಡು ಬೇಡವೇ ಬೇಡ, ಚೆಂಡೆಯ ಒಂದು ಪೆಟ್ಟು ಹಿಡಿದರೆ ಚಿತ್ರ ಧ್ವನಿ ಎರಡೂ ಕೂಡಿಕೊಳ್ಳುತ್ತವೆ. ಇಡೀ ರಾತ್ರಿಯಲ್ಲಿ ತಪ್ಪಿಲ್ಲದೆ ನಡೆದ ಏರ್ಪಾಡು ಇದೊಂದೇ.

ಬೆಳಕಿನಲ್ಲಿ ಜನರೇಟರು ಕಾಟ ಕೊಟ್ಟಿತು. 25 ಫ್ರೇಮು, ಶಟರ್ 1/50 ಇಟ್ಟರೆ ಮೆಸ್ಕಾಂ ಕರೆಂಟಿನಡಿ ಪಟ್ಟಿ ಬರುವುದಿಲ್ಲ. ಜನರೇಟರಿಗೆ ಭಾರ ಏರಿಳಿದಾಗ ಅದರ ಹರ್ಟ್ಸೂ 50ರಲ್ಲಿ ನಿಲ್ಲುವುದಿಲ್ಲ. ಚರುಂಬುರಿ ಅಂಗಡಿಯವರು ಎರಡು ದೊಡ್ಡ ದೀಪ ಹಾಕಿದಾಗೆಲ್ಲ ನನ್ನ ಚಿತ್ರದಲ್ಲಿ ತೆಳು ನೆರಳಿನ ಪಟ್ಟಿಗಳು ಮೇಲಕ್ಕೆ ತೆವಳುತ್ತಿದ್ದವು. ಕೈಮುಗಿದು ಅವರ ವಯರನ್ನು ಬೇರೆ ಕಡೆ ಹಾಕಿಸಿದೆ.

ಏಳೂವರೆಗೆ ವೇಷ ಕಟ್ಟುವ ಚೌಕಿಗೆ ಹೋದೆ. ಮಹಿಷಾಸುರನ ಪಾತ್ರಧಾರಿ ಚಾಪೆಯ ಮೇಲೆ ಕೂತು ಚುಟ್ಟಿ ಇಡಲು ಶುರುಮಾಡಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಬಿಳಿ ಹದ, ಎದುರಲ್ಲಿ ಸಣ್ಣ ಕನ್ನಡಿ. ಕಡ್ಡಿಯ ತುದಿಯಲ್ಲಿ ಅದ್ದಿ ಅದ್ದಿ ಕೆನ್ನೆಯ ಮೇಲೆ ಒಂದೊಂದೇ ಮುಳ್ಳು ಎಬ್ಬಿಸುತ್ತಾರೆ. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ನಾನು ಹತ್ತು ನಿಮಿಷ ಶೂಟ್ ಮಾಡಿದೆ, ಅಷ್ಟರಲ್ಲಿ ಒಂದು ಕೆನ್ನೆಯ ಕಾಲುಭಾಗ ಆಗಿತ್ತು. ಮಾತಿಲ್ಲ. ಮಾತಾಡಿದರೆ ಚುಟ್ಟಿ ಬಿರಿಯುತ್ತದೆ. ಅವರು ಕನ್ನಡಿಯಿಂದಲೇ ನನ್ನತ್ತ ನೋಡಿ ಎರಡು ಬೆರಳು ಎತ್ತಿದರು. ಎರಡು ಗಂಟೆಗೆ ಪ್ರವೇಶ ಎಂದು. ನಾನು ತಲೆಯಾಡಿಸಿದೆ. ಅಂದಹಾಗೆ, 70ಡಿಯ ಆಟೋಫೋಕಸ್ ಮುಖ ಗುರುತಿಸುತ್ತದೆ ಎಂದು ಹೆಸರು. ಬಣ್ಣದ ವೇಷದ ಮುಖ ಅದಕ್ಕೆ ಮುಖವೆಂದು ಅನಿಸಲೇ ಇಲ್ಲ, ಹಿಂದೆ ನಿಂತಿದ್ದ ಸಹಾಯಕನನ್ನೇ ಹಿಡಿದು ಕೂತಿತು. ಮ್ಯಾನುವಲ್‌ಗೆ ಹಾಕಿದೆ.

ಪೂರ್ವರಂಗ, ತ್ರಿಮೂರ್ತಿಗಳು, ಮಧು-ಕೈಟಭ, ಒಂದು ಗಂಟೆಯವರೆಗೆ ಎಲ್ಲ ಸಲೀಸು. ನಮ್ಮ ಪದ್ಧತಿ ಏನೆಂದರೆ 70ಡಿಯನ್ನು 25 ನಿಮಿಷಕ್ಕೊಮ್ಮೆ, ಪದ್ಯ ಮುಗಿದಲ್ಲಿ ನಿಲ್ಲಿಸಿ ತಕ್ಷಣ ಮತ್ತೆ ಒತ್ತುವುದು. ಆ ಎರಡು ಸೆಕೆಂಡು 600ಡಿ ಓಡುತ್ತಿರಬೇಕು. 600ಡಿ ನಿಂತಾಗ 70ಡಿ ಓಡುತ್ತಿರಬೇಕು. ಎರಡೂ ಒಟ್ಟಿಗೆ ನಿಲ್ಲಬಾರದು, ಅಷ್ಟೇ ಸೂತ್ರ.

1 ಗಂಟೆ 42 ನಿಮಿಷಕ್ಕೆ 70ಡಿ ಒತ್ತಿದೆ. ಸೂತ್ರದ ಪ್ರಕಾರ 2:07ಕ್ಕೆ ನಿಲ್ಲಿಸಬೇಕಿತ್ತು. ಎರಡು ಗಂಟೆ ದಾಟಿದರೂ ಮಹಿಷಾಸುರನ ತಾಯಿ ಮಾಲಿನಿಯ ಮಾತು ಮುಗಿದಿರಲಿಲ್ಲ. ಆ ರಾತ್ರಿ ಆ ಕಲಾವಿದರ ಮಾತು ಏರಿದ ಎತ್ತರ ಹಾಗಿತ್ತು, ಪದ್ಯ ಹಾಡುವ ಭಾಗವತರೂ ಜಾಗಟೆ ಕೆಳಗಿಟ್ಟು ಕೇಳುತ್ತಿದ್ದರು. ಈ ಮಾತು ಮುಗಿಯಲಿ, ಆಮೇಲೆ ನಿಲ್ಲಿಸಿದರಾಯ್ತು ಎಂದುಕೊಂಡೆ. ಎಡಮೂಲೆಯಲ್ಲಿ ಹುಡುಗ ಕ್ಯಾಮೆರಾದ ಮೇಲೆ ಬಾಗಿದ್ದು ಕಂಡಿತು. ಅವನದು ಓಡುತ್ತಿದೆ ಎಂದು ಲೆಕ್ಕ ಹಾಕಿದೆ.

ಅವನು ಬಾಗಿದ್ದದ್ದು ಕಾರ್ಡಿಗಾಗಿ. 2:09ಕ್ಕೆ ಅವನ ಕಾರ್ಡು ತುಂಬಿತ್ತು. ತೆಗೆದು, ಸೊಂಟದ ಚೀಲದಲ್ಲಿ ಹಾಕಿ, ಅದೇ ಚೀಲದಿಂದ ಇನ್ನೊಂದು ತೆಗೆದು ಹಾಕಿದ. ಹಾಕಿದ್ದು ಮೊದಲೇ ತುಂಬಿದ್ದ ಒಂದನೇ ಕಾರ್ಡು. ಎಲ್ಲವೂ ಒಂದೇ ಬಣ್ಣದವು, ಕತ್ತಲೆ ಬೇರೆ. ಪರದೆಯಲ್ಲಿ ಕಾರ್ಡ್ ಫುಲ್ ಎಂದು ಬಂತು. ಹಾಳಾಗಿದೆ ಎಂದುಕೊಂಡು ತೆಗೆದು ಊದಿ ಮತ್ತೆ ಅದನ್ನೇ ಹಾಕಿದ. “ಅಣ್ಣಾ” ಎಂದು ಮೂರು ಸಲ ಕರೆದನಂತೆ. ಅಷ್ಟರಲ್ಲಿ ಚೆಂಡೆಯ ನಡೆ ಬದಲಾಗಿತ್ತು.

ರಂಗಸ್ಥಳದ ದೀಪಗಳು ಆರಿದವು. ಗದ್ದೆಯ ಆ ತುದಿಯಲ್ಲಿ, ಜನರ ಬೆನ್ನಹಿಂದೆ, ದೊಂದಿಗಳು ಹೊತ್ತಿಕೊಂಡವು. ಕೂತವರೆಲ್ಲ ಒಮ್ಮೆಲೇ ಹಿಂದಕ್ಕೆ ತಿರುಗಿದರು. ನಾನೂ ಟ್ರೈಪಾಡಿನ ತಲೆಯನ್ನು ಪೂರ್ತಿ ತಿರುಗಿಸಿದೆ. ದೀಪ ಇದ್ದಾಗ ಐಎಸ್‌ಓ 800, ಎಫ್4. ಈಗ ಐಎಸ್‌ಓ 3200, ಎಫ್2.8 ಬೇಕು. ಆದರೆ ದೊಂದಿಗೆ ರಾಳ ಎಸೆದ ಕ್ಷಣ ಭಗ್ಗೆಂದು ಇಡೀ ಫ್ರೇಮು ಬೆಳ್ಳಗಾಗುತ್ತದೆ. ಹಾಗಾಗಿ ಒಂದು ಕೈ ಅಪರ್ಚರಿನ ಚಕ್ರದ ಮೇಲೆ, ಇನ್ನೊಂದು ಕೈ ಫೋಕಸ್ ರಿಂಗಿನ ಮೇಲೆ. ಕಣ್ಣು? ಕಣ್ಣು ಕ್ಯಾಮೆರಾದ ಪರದೆಯ ಮೇಲಿರಲಿಲ್ಲ. ಕೋಣದ ಕೊಂಬಿನ ಕಿರೀಟ, ಎರಡೂ ಕೈಯಲ್ಲಿ ಬೆಂಕಿ, ಕುರ್ಚಿಗಳನ್ನು ಸರಿಸಿಕೊಂಡು ನನ್ನತ್ತಲೇ ಬರುತ್ತಿದ್ದ ಆ ವೇಷವನ್ನು ನಾನು ಬರಿಗಣ್ಣಿನಿಂದ ನೋಡುತ್ತ ನಿಂತಿದ್ದೆ, ಟಿಕೇಟು ಕೊಟ್ಟು ಬಂದವನ ಹಾಗೆ.

2:12ಕ್ಕೆ 70ಡಿ ನಿಂತಿತು. ಅದು ನಿಲ್ಲುವಾಗ ಸದ್ದು ಮಾಡುವುದಿಲ್ಲ, ಪರದೆಯ ಮೂಲೆಯ ಕೆಂಪು ಚುಕ್ಕಿ ಇಲ್ಲವಾಗುತ್ತದೆ, ಅಷ್ಟೇ. ಪರದೆಯಲ್ಲಿ ಚಿತ್ರ ಕಾಣಿಸುತ್ತಲೇ ಇರುತ್ತದೆ. ವೇಷ ನನ್ನನ್ನು ದಾಟಿ ರಂಗಸ್ಥಳದ ಹತ್ತಿರ ಹೋದ ಮೇಲೆ ಚುಕ್ಕಿ ಇಲ್ಲದ್ದು ಕಂಡಿತು. ಒತ್ತಿದೆ. ಅಷ್ಟು ಹೊತ್ತಿಗೆ ಹುಡುಗನೂ ಸರಿಯಾದ ಕಾರ್ಡು ಹುಡುಕಿ ಹಾಕಿದ್ದ.

ಉಳಿದ ರಾತ್ರಿ ಹೇಗೆ ಹೋಯಿತೋ. ಮೂರೂವರೆಗೆ ಲೆನ್ಸಿನ ಮೇಲೆ ಇಬ್ಬನಿ ಕೂತು ಇಪ್ಪತ್ತು ನಿಮಿಷ ಚಿತ್ರ ಮಸುಕಾಯಿತು, ಒರೆಸಿದೆವು. ರಕ್ತಬೀಜ ಬರುವಾಗ ಮೂಡುದಿಕ್ಕು ಬೆಳ್ಳಗಾಗುತ್ತಿತ್ತು, ಆ ಭಾಗ ಬಹಳ ಚೆಂದ ಬಂದಿದೆ.

ಬೆಳಗ್ಗೆ ಪ್ರಸಾದ ತಗೊಂಡು ಚಾ ಕುಡಿಯುವಾಗಲೇ ಹಿರಿಯರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮೊದಲು ಫೈಲುಗಳನ್ನು ನೋಡಿ ಹೇಳಿದರಾಯ್ತು ಎಂದು ನೆಪ ಹೂಡಿಕೊಂಡೆ. ನಾಲ್ಕನೇ ದಿನ ಅವರ ಮನೆಗೇ ಹೋದೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಕೇಳಿ ಸ್ವಲ್ಪ ಹೊತ್ತು ಸುಲಿಯುತ್ತಲೇ ಇದ್ದರು. “ಆಟ ಅಮ್ಮನಿಗೆ ಆದದ್ದು ಮಾರಾಯ್ರೆ, ಅದರಲ್ಲಿ ಕೊರತೆ ಆಗ್ಲಿಲ್ಲ. ವಿಡಿಯೋ ಮಗನದ್ದು. ಅವನಿಗೆ ನೀವೇ ಹೇಳಿ, ನಾನು ಹೇಳಿದ್ರೆ ಸರಿ ಆಗ್ಲಿಕ್ಕಿಲ್ಲ” ಎಂದರು.

ಮಗ ಫೋನಿನಲ್ಲಿ ಬೈಯಲಿಲ್ಲ. “ನನಗೆ ಬೇಕಿದ್ದದ್ದೇ ಅದು, ಅಣ್ಣ” ಎಂದು ಇಟ್ಟ. ಬೈದಿದ್ದರೆ ಒಳ್ಳೆಯದಿತ್ತು.

ತೂತು ಮುಚ್ಚಲು ಊರಿನ ಮೊಬೈಲುಗಳೇ ಗತಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಕೆಲಸಕ್ಕೆ ಬಾರದು, ಅದು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತದೆ. ಮನೆಮನೆಗೆ ಹೋಗಿ ಕೇಬಲ್ ಹಾಕಿ ಮೂಲ ಫೈಲು ತಂದೆ. ಕಾಲೇಜು ಹುಡುಗನೊಬ್ಬನದು 48 ಸೆಕೆಂಡು, ಉದ್ದಕ್ಕೆ ಹಿಡಿದದ್ದು. ಒಬ್ಬರು ಅಕ್ಕ ಕುರ್ಚಿಯ ಮೇಲೆ ನಿಂತು ಅಡ್ಡಕ್ಕೆ ಹಿಡಿದದ್ದು 65 ಸೆಕೆಂಡು, ಅದರಲ್ಲಿ ಹೆಚ್ಚಿನದು ನಡುಗುತ್ತದೆ. ಎರಡರಲ್ಲೂ 25 ಸೆಕೆಂಡು ಒಂದೇ ದೃಶ್ಯ. ಮೊಬೈಲಿನ ಫ್ರೇಮಿನ ಓಟ ಒಂದೇ ಸಮ ಇರುವುದಿಲ್ಲ, 30ರ ಆಚೀಚೆ ಜಾರುತ್ತಿರುತ್ತದೆ. ಹಾಗೇ ಟೈಮ್‌ಲೈನಿಗೆ ಹಾಕಿದರೆ ಹತ್ತು ಸೆಕೆಂಡಿನಲ್ಲಿ ಚೆಂಡೆಯೂ ಹೆಜ್ಜೆಯೂ ತಪ್ಪುತ್ತವೆ. ಮೊದಲು ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಸ್ಥಿರ 25ಕ್ಕೆ ತಂದು, ಆಮೇಲೆ ಎಚ್4ಎನ್ ಧ್ವನಿಯ ಚೆಂಡೆಪೆಟ್ಟಿಗೆ ಕೂರಿಸಿದೆ. ಉಳಿದ 22 ಸೆಕೆಂಡಿಗೆ ಚೌಕಿಯಲ್ಲಿ ತೆಗೆದ ಚುಟ್ಟಿಯ ಚಿತ್ರ: ಕನ್ನಡಿ, ಕಡ್ಡಿಯ ತುದಿ, ಕೆನ್ನೆಯ ಮುಳ್ಳು. ಮೇಲಿಂದ ಆರ್ಭಟದ ಸದ್ದು. ನೋಡಿದ ಗೆಳೆಯರು ಭಾರಿ ಐಡಿಯಾ ಎಂದರು. ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ ಎನ್ನುವುದೇ ನನಗೆ ಅದರಲ್ಲಿ ಹಿಡಿಸದ್ದು. ಮಗನಿಗೆ ಕೊಟ್ಟ ಪೆನ್‌ಡ್ರೈವಿನ ಜೊತೆ ಯಾವ ಸೆಕೆಂಡು ಯಾರದ್ದು ಎಂದು ಒಂದು ಚೀಟಿ ಬರೆದಿಟ್ಟೆ.

ಹಣದ ವಿಷಯ ಸಣ್ಣದು. ಮುಂಗಡ 10,000 ಬಂದಿತ್ತು. ಅವನು ಅರ್ಧ ಮಾತ್ರ ಕೊಡುತ್ತೇನೆ ಎಂದ, ನಾನು ಇಲ್ಲವೆನ್ನಲಿಲ್ಲ. ತಂದೆಯೇ ನಡುವೆ ಬಂದು 26,000ಕ್ಕೆ ಮುಗಿಸಿದರು. 2,000 ಉಳಿಸಲು ಹೋಗಿ 8,000 ಹೋಯಿತು. ಎರಡನೇ ಕ್ಯಾಮೆರಾದ ಬಾಡಿಗೆ, ಹುಡುಗನ ಸಂಬಳ, ಓಡಾಟ ಕಳೆದು ಒಂದು ರಾತ್ರಿಗೂ ಒಂಬತ್ತು ದಿನದ ಎಡಿಟಿಂಗಿಗೂ ಉಳಿದದ್ದು ಹೇಳಿಕೊಳ್ಳುವ ಮೊತ್ತವಲ್ಲ. ಹುಡುಗನ ಸಂಬಳದಲ್ಲಿ ಒಂದು ರೂಪಾಯಿ ಕಡಿಯಲಿಲ್ಲ. ಕಾರ್ಡಿಗೆ ಗುರುತು ಹಾಕಿ ಕೊಡದಿದ್ದದ್ದು ನಾನು.

ಇನ್ನೊಂದು ವಿಷಯ ಈ ಗಲಾಟೆಯಲ್ಲೇ ತಿಳಿದದ್ದು. ಚುಟ್ಟಿಯ ಭಾಗವನ್ನು ನನ್ನ ಕೆಲಸದ ಮಾದರಿ ತೋರಿಸುವ ಶೋರೀಲಿಗೆ ಹಾಕಬೇಕೆಂದಿದ್ದೆ. ವಕೀಲ ಗೆಳೆಯನೊಬ್ಬ ತಡೆದ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ಮಾಡಿಸಿಕೊಂಡ ಚಿತ್ರದ ಮೊದಲ ಒಡೆತನ ಮಾಡಿಸಿಕೊಂಡವರದ್ದು. ಕ್ಯಾಮೆರಾ ಹಿಡಿದವನದ್ದಲ್ಲ. ಅದರ ಮೇಲೆ 38ನೇ ಕಲಮಿನಲ್ಲಿ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಬೇರೆಯೇ ಹಕ್ಕಿದೆ. ನಾನು ಮೇಳದವರಲ್ಲಿ ಬಾಯಿಮಾತಿನ ಒಪ್ಪಿಗೆ ಮಾತ್ರ ಕೇಳಿದ್ದೆ. ಈಗ ಎರಡಕ್ಕೂ ಸೇರಿ ಅರ್ಧ ಪುಟದ ಕಾಗದ ಇದೆ, ಸಹಿ ಆಗದೆ ಟ್ರೈಪಾಡ್ ಬಿಚ್ಚುವುದಿಲ್ಲ. ಅದರಲ್ಲಿ ‘ಪೂರ್ತಿ’ ಎಂಬ ಪದವನ್ನು ಎಲ್ಲೂ ಬಳಸಿಲ್ಲ. ಎಷ್ಟು ಕ್ಯಾಮೆರಾ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾವ ಪ್ರವೇಶಗಳು ತಪ್ಪಲೇಬಾರದು ಎಂದು ಅವರಿಂದಲೇ ಬರೆಸಿಕೊಳ್ಳುತ್ತೇನೆ.

ಕಾರ್ಡುಗಳ ಬೆನ್ನಿಗೆ ಈಗ ನಂಬರಿದೆ. ಖಾಲಿಯದು ಮುಖ ಮೇಲೆ ಮಾಡಿ, ತುಂಬಿದ್ದು ಕವುಚಿ, ಬೇರೆ ಬೇರೆ ಡಬ್ಬಿಯಲ್ಲಿ. 70ಡಿಯನ್ನು ಮಾರಿಯಾಯಿತು. ಅರ್ಧ ಗಂಟೆಯ ಬೀಗವಿಲ್ಲದ ಪ್ಯಾನಸಾನಿಕ್ ಜಿಎಚ್5ನಂಥವು 2017ರಿಂದ ಸಿಗುತ್ತಿವೆ, ನನ್ನ ಈಗಿನದ್ದೂ ತಾನಾಗಿ ನಿಲ್ಲುವುದಿಲ್ಲ. ಬ್ಯಾಟರಿ ಮುಗಿಯುತ್ತದೆ, ಕಾರ್ಡು ತುಂಬುತ್ತದೆ, ಜನರೇಟರಿನ ವಯರನ್ನು ಯಾರಾದರೂ ಎಡವುತ್ತಾರೆ. ಹಾಗಾಗಿ ಕೊಟೇಶನಿನ ನಾಲ್ಕನೇ ಸಾಲನ್ನು ಇನ್ನೂ ತೆಗೆದಿಲ್ಲ: ‘ಗಡಿಯಾರ ನೋಡುವವರು, ಒಬ್ಬರು.’ ಮೊತ್ತ ಮಾತ್ರ ಈಗ 3,000.

ಮೊನ್ನೆ ಬೆಳ್ತಂಗಡಿ ಕಡೆಯ ಒಬ್ಬರು ಅಲ್ಲಿಗೇ ಬೆರಳಿಟ್ಟು ಕೇಳಿದರು: “ಇದೆಂತದು ಮಾರಾಯ್ರೆ, ಗಡಿಯಾರ ನೋಡ್ಲಿಕ್ಕೆ ಮೂರು ಸಾವಿರವಾ? ನಮ್ಮ ಮನೆಯ ಮಕ್ಕಳೇ ನೋಡ್ತಾರೆ, ಅದನ್ನು ಬಿಡಿ.”

ನಾನು ಆ ಕೆಲಸವನ್ನೇ ಬಿಟ್ಟೆ.